ಬಿಟ್ಟುಹೋದ 'ಅಲ್ಲ', ಸೇರಿಸಿದ 'ಅಲ್ಲ'

ಮೊನ್ನೆ ಶನಿವಾರ ಇಲ್ಲಿ ನ್ಯೂಜೆರ್ಸಿಯಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಊಟ ಇತ್ತು. ಬಿಸಿಬೇಳೆ ಬಾತ್ ಬಡಿಸಿ ಆಗಿತ್ತು, ಮೇಲೆ ಖಾರಾ ಬೂಂದಿ ಉದುರಿಸಿಕೊಳ್ಳುವ ಹೊತ್ತಿಗೆ ಯಾರೋ ಟ್ರಂಪ್ ಹೆಸರು ಎತ್ತಿದರು. ಅಲ್ಲಿಗೆ ಊಟ ಕೆಟ್ಟಿತು.

"ರಷ್ಯಾ ಕಥೆ ಎಲ್ಲಾ ಕಟ್ಟುಕಥೆ ಗುರು. ಮ್ಯೂಲರ್ ರಿಪೋರ್ಟಲ್ಲೇ ಇದೆಯಲ್ಲ, ಏನೂ ಇಲ್ಲ ಅಂತ" ಅಂದ ಒಬ್ಬ. ಇನ್ನೊಬ್ಬ ತಟ್ಟೆ ಕೆಳಗಿಟ್ಟ. "ಏನೂ ಇಲ್ಲ ಅಂತ ಎಲ್ಲೋ ಬರೆದಿದೆ? ಪುಟಿನ್ ಕುಣಿಸಿದ ಹಾಗೆ ಕುಣೀತಾರೆ ನಿಮ್ಮ ಸಾಹೇಬ್ರು." ರಿಪೋರ್ಟ್ ಓದಿದ್ದೀರಾ ಇಬ್ಬರೂ ಅಂತ ಕೇಳಿದೆ. ಇಬ್ಬರೂ ಜಗಳ ಬಿಟ್ಟು ನನ್ನನ್ನು ನೋಡಿದರು. ಮನೆಯಾಕೆ ಒಳಗಿಂದ "ಹಪ್ಪಳ ಮೆತ್ತಗಾಗ್ತಿದೆ, ತಗೊಳ್ರಪ್ಪ" ಅಂದರು.

ನಾನು ಓದಿದ್ದೇನೆ. 2016ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ರಷ್ಯಾ ಹೇಗೆ ಕೈ ಹಾಕಿತು, ಟ್ರಂಪ್ ಕಡೆಯವರು ಅದರ ಜೊತೆ ಸೇರಿದ್ದರಾ ಅಂತ ವಿಶೇಷ ತನಿಖಾಧಿಕಾರಿ ರಾಬರ್ಟ್ ಮ್ಯೂಲರ್ ಮಾಡಿದ ತನಿಖೆಯ ವರದಿ ಅದು. ಪೂರ್ತಿ ಅಂತ ಸುಳ್ಳು ಹೇಳಲ್ಲ. 448 ಪುಟ, ಲಾಕ್‌ಡೌನ್ ದಿನಗಳಲ್ಲಿ, ಅಡಿಟಿಪ್ಪಣಿ ಬಿಟ್ಟು, ಕಪ್ಪು ಮಸಿ ಬಳಿದ ಜಾಗಗಳನ್ನು ಹಾರಿಸಿ. ಓದುವಾಗ ನನಗೆ ಒಂದು ವಿಚಿತ್ರ ಹುಚ್ಚು ಹತ್ತಿತು. ಈ ಇಡೀ ರಷ್ಯಾ ಪ್ರಕರಣದಲ್ಲಿ ಮುಖ್ಯವಾದ ತಿರುವುಗಳೆಲ್ಲ ಒಂದೇ ಪದದ ಮೇಲೆ ನಿಂತಿವೆ ಅನಿಸಿತು. ನಮ್ಮ 'ಅಲ್ಲ', 'ಇಲ್ಲ'. ಕನ್ನಡದಲ್ಲಿ ಅದು ಬರೋದು ವಾಕ್ಯದ ಕೊನೆಗೆ, ಅದಕ್ಕೇ ಎದುರಿನವರು ಮಾತು ಮುಗಿಸೋವರೆಗೆ ಕಾಯಲೇಬೇಕು. ಇಂಗ್ಲಿಷಲ್ಲಿ ಅದು ಎರಡು ಅಕ್ಷರವಾಗಿ ಪದದ ಮುಂದೆಯೋ ಹಿಂದೆಯೋ ಅಂಟಿಕೊಂಡಿರುತ್ತೆ. ಉದುರಿದರೆ ಗೊತ್ತೇ ಆಗಲ್ಲ.

ಮೊದಲನೆಯದು 2016ರ ಮಾರ್ಚ್ 19. ಆ ಚುನಾವಣೆಯಲ್ಲಿ ಟ್ರಂಪ್ ಎದುರು ನಿಂತಿದ್ದ ಹಿಲರಿ ಕ್ಲಿಂಟನ್ ಪ್ರಚಾರದ ಮುಖ್ಯಸ್ಥ ಜಾನ್ ಪೊಡೆಸ್ಟಾಗೆ ಗೂಗಲ್‌ನಿಂದ ಬಂದ ಹಾಗೆ ಕಾಣುವ ಒಂದು ಮೇಲ್ ಬಂತು. ನಿಮ್ಮ ಪಾಸ್‌ವರ್ಡ್ ಯಾರಿಗೋ ಸಿಕ್ಕಿದೆ, ಉಕ್ರೇನಿನಿಂದ ಯಾರೋ ಒಳಗೆ ಬರಲು ನೋಡಿದ್ದಾರೆ, ತಕ್ಷಣ ಬದಲಾಯಿಸಿ ಅಂತ. ಕೆಳಗೆ ಒತ್ತಲು ಒಂದು ಬಟನ್. ಊರಲ್ಲಿ ನಮ್ಮಮ್ಮನ ಫೋನಿಗೆ 'ಕರೆಂಟ್ ಬಿಲ್ ಕಟ್ಟಿಲ್ಲ, ಇವತ್ತು ರಾತ್ರಿ ಕನೆಕ್ಷನ್ ಕಟ್ ಆಗುತ್ತೆ, ಈ ನಂಬರಿಗೆ ಕರೆ ಮಾಡಿ' ಅಂತ ಬರುತ್ತಲ್ಲ, ಅದೇ ಜಾತಿ. ಪೊಡೆಸ್ಟಾ ಕಡೆಯವರು ಜಾಣರೇ, ಸುಮ್ನೆ ಒತ್ತಲಿಲ್ಲ. ಪ್ರಚಾರ ಕಚೇರಿಯ ಕಂಪ್ಯೂಟರ್ ವಿಭಾಗದವನನ್ನು ಕೇಳಿದರು. ಅವನು 'ಇದು ಅಸಲಿ ಮೇಲ್, ಕೂಡಲೇ ಪಾಸ್‌ವರ್ಡ್ ಬದಲಾಯಿಸಬೇಕು' ಅಂತ ಉತ್ತರ ಬರೆದ. ಆಮೇಲೆ ಪತ್ರಿಕೆಯವರಿಗೆ ಅವನು ಹೇಳಿದ್ದು: 'ಇಲ್ಲೆಜಿಟಿಮೇಟ್' (ಅಸಲಿ ಅಲ್ಲ) ಅಂತ ಬರೆಯಲು ಹೊರಟಿದ್ದೆ, 'ಲೆಜಿಟಿಮೇಟ್' (ಅಸಲಿ) ಅಂತ ಆಯ್ತು. ಪಾಪ, ಗೂಗಲ್‌ನ ಸರಿಯಾದ ಲಿಂಕನ್ನೂ ಅವನು ಅದೇ ಉತ್ತರದಲ್ಲಿ ಕೊಟ್ಟಿದ್ದ. ಆದರೆ ಅವರು ಒತ್ತಿದ್ದು ಮೊದಲು ಬಂದ ಬಟನ್ನನ್ನೇ.

50 ಸಾವಿರಕ್ಕೂ ಜಾಸ್ತಿ ಮೇಲ್‌ಗಳು ರಷ್ಯಾದ ಮಿಲಿಟರಿ ಗುಪ್ತಚರರ ಕೈ ಸೇರಿದವು. ಅಕ್ಟೋಬರ್ 7ರಂದು, ಹೆಂಗಸರ ಬಗ್ಗೆ ಟ್ರಂಪ್ ಆಡಿದ ಹೊಲಸು ಮಾತಿನ ವಿಡಿಯೋ ಹೊರಬಿದ್ದು ಒಂದು ಗಂಟೆಯೂ ಆಗಿರಲಿಲ್ಲ, ಗುಟ್ಟಿನ ದಾಖಲೆ ಬಯಲು ಮಾಡುವ ವೆಬ್‌ಸೈಟ್ ವಿಕಿಲೀಕ್ಸ್ ಈ ಮೇಲ್‌ಗಳನ್ನು ಹೊರಗೆ ಬಿಡಲು ಶುರು ಮಾಡಿತು. ಅದರಲ್ಲಿ ರಾಜಕೀಯವೂ ಇತ್ತು, ರಿಸೊಟ್ಟೊ ಅನ್ನೋ ಇಟಲಿಯ ಅನ್ನಕ್ಕೆ ನೀರು ಯಾಕೆ ಸ್ವಲ್ಪ ಸ್ವಲ್ಪವೇ ಹಾಕಬೇಕು ಅನ್ನೋ ಪಾಠವೂ ಇತ್ತು. ಒಬ್ಬ ಮನುಷ್ಯನ ಅಡುಗೆಮನೆಯವರೆಗೆ ಹೊಕ್ಕು ಬಂದಿದ್ದರು.

ಇಷ್ಟು ನಡೆದದ್ದರಲ್ಲಿ ಅನುಮಾನ ಬೇಡ. ಮ್ಯೂಲರ್ ತಂಡ 2018ರ ಜುಲೈನಲ್ಲಿ 12 ಮಂದಿ ರಷ್ಯನ್ ಅಧಿಕಾರಿಗಳನ್ನು ಹೆಸರು ಹೇಳಿ ಆರೋಪಪಟ್ಟಿಗೆ ಸೇರಿಸಿತು. ಅದಕ್ಕೂ ಮೊದಲು ಫೆಬ್ರವರಿಯಲ್ಲಿ ಇನ್ನೊಂದು ಪಟ್ಟಿ, 13 ಜನ ಮತ್ತು 3 ಕಂಪನಿಗಳು. ಇವರು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೂತು ಅಮೆರಿಕನ್ನರ ವೇಷ ಹಾಕಿ ಫೇಸ್‌ಬುಕ್ ಪೇಜ್ ನಡೆಸುತ್ತಿದ್ದವರು. ಹೌದು, ನೀವು ಇದನ್ನು ಓದುತ್ತಿರುವ ಇದೇ ಫೇಸ್‌ಬುಕ್.

ಹ್ಯೂಸ್ಟನ್‌ನಲ್ಲಿ ನಡೆದದ್ದು ಕೇಳಿ. 'ಹಾರ್ಟ್ ಆಫ್ ಟೆಕ್ಸಾಸ್' ಅಂತ ಒಂದು ಪೇಜ್, 'ಯುನೈಟೆಡ್ ಮುಸ್ಲಿಮ್ಸ್ ಆಫ್ ಅಮೆರಿಕ' ಅಂತ ಇನ್ನೊಂದು. ಎರಡನ್ನೂ ನಡೆಸುತ್ತಿದ್ದದ್ದು ರಷ್ಯಾದ ಅದೇ ಕಚೇರಿ. 2016ರ ಮೇ 21ರಂದು ಒಂದು ಇಸ್ಲಾಮಿಕ್ ಸೆಂಟರ್ ಮುಂದೆ ಪ್ರತಿಭಟನೆಗೆ ಬನ್ನಿ ಅಂತ ಮೊದಲನೆಯದು ಕರೆಯಿತು. ಅದೇ ದಿನ ಅದೇ ಜಾಗಕ್ಕೆ, ಅದನ್ನು ಉಳಿಸಿಕೊಳ್ಳೋಣ ಬನ್ನಿ ಅಂತ ಎರಡನೆಯದು ಕರೆಯಿತು. ಎರಡೂ ಕಡೆಯವರು ನಿಜವಾದ ಟೆಕ್ಸಾಸ್ ಜನ, ನಿಜವಾದ ಸಿಟ್ಟು, ಬೀದಿಯ ಆಚೆ ಈಚೆ ನಿಂತು ಕೂಗಾಡಿದರು. ಕರೆದವರು ಮಾತ್ರ ಅಲ್ಲಿ ಒಬ್ಬರೂ ಇರಲಿಲ್ಲ. ಇದರ ಜಾಹೀರಾತಿಗೆ ಆದ ಖರ್ಚು ಸುಮಾರು 200 ಡಾಲರ್ ಅಂತ ಸೆನೆಟ್ ವಿಚಾರಣೆಯಲ್ಲಿ ಹೇಳಿದರು. ನಮ್ಮ ಕಡೆ ಒಂದು ಮಗುವಿನ ಹುಟ್ಟುಹಬ್ಬದ ಕೇಕಿಗೂ ಹಾಲ್ ಬಾಡಿಗೆಗೂ ಇದಕ್ಕಿಂತ ಜಾಸ್ತಿ ಆಗುತ್ತೆ.

ಹುಟ್ಟುಹಬ್ಬ ಅಂದಾಗ ನೆನಪಾಯ್ತು. ಆ ಕಚೇರಿಗೆ ದುಡ್ಡು ಹಾಕುತ್ತಿದ್ದ ಯೆವ್ಗೆನಿ ಪ್ರಿಗೋಝಿನ್‌ಗೆ 55 ತುಂಬುವ ಮೊದಲು, ಶ್ವೇತಭವನದ ಮುಂದೆ 'ಪ್ರೀತಿಯ ಬಾಸ್‌ಗೆ 55ನೇ ಹುಟ್ಟುಹಬ್ಬದ ಶುಭಾಶಯ' ಅಂತ ಬೋರ್ಡ್ ಹಿಡಿದು ನಿಲ್ಲಲು ಒಬ್ಬ ಅಮೆರಿಕನ್ನನನ್ನೇ ಒಪ್ಪಿಸಿದ್ದರು. ಇದು ಆರೋಪಪಟ್ಟಿಯಲ್ಲಿದೆ, ನನ್ನ ಹಾಸ್ಯ ಅಲ್ಲ. 2022ರಲ್ಲಿ ಪ್ರಿಗೋಝಿನ್ ತಾನೇ ಒಪ್ಪಿಕೊಂಡ: ಕೈ ಹಾಕಿದ್ದೆವು, ಹಾಕುತ್ತಿದ್ದೇವೆ, ಮುಂದೆಯೂ ಹಾಕುತ್ತೇವೆ. ಮರುವರ್ಷ ವಿಮಾನ ಬಿದ್ದು ಸತ್ತ.

ಹಾಗಾದರೆ ರಷ್ಯಾವೇ ಟ್ರಂಪ್‌ನನ್ನು ಗೆಲ್ಲಿಸಿತಾ? ಇದನ್ನು ಯಾರೂ ಅಳೆದು ತೋರಿಸಿಲ್ಲ. ಫಲಿತಾಂಶ ತೀರ್ಮಾನಿಸಿದ ಮೂರು ರಾಜ್ಯ ಸೇರಿ ಅಂತರ ಇದ್ದದ್ದು 78 ಸಾವಿರ ವೋಟಿನೊಳಗೆ, ಅಷ್ಟು ಸಣ್ಣ ಅಂತರಕ್ಕೆ ನೂರು ಕಾರಣ ಹೇಳಬಹುದು. ಹಿಲರಿ ಪಕ್ಷದ ಅಭ್ಯರ್ಥಿಯಾದ ಮೇಲೆ ಅದರಲ್ಲೊಂದಾದ ವಿಸ್ಕಾನ್ಸಿನ್ ಕಡೆ ಪ್ರಚಾರಕ್ಕೇ ಹೋಗಲಿಲ್ಲ, ಅದನ್ನು ಪುಟಿನ್ ತಲೆಗೆ ಕಟ್ಟಲು ಆಗಲ್ಲ.

ಈಗ ಎರಡನೇ 'ಇಲ್ಲ'. 2019ರ ಮಾರ್ಚ್‌ನಲ್ಲಿ ಮ್ಯೂಲರ್ ವರದಿ ಕೊಟ್ಟ ಎರಡೇ ದಿನಕ್ಕೆ ನ್ಯಾಯ ಇಲಾಖೆಯ ಮುಖ್ಯಸ್ಥ, ಅಟಾರ್ನಿ ಜನರಲ್ ಬಿಲ್ ಬಾರ್ ನಾಲ್ಕು ಪುಟದ ಪತ್ರ ಬಿಟ್ಟರು. ಟ್ರಂಪ್ ಪ್ರಚಾರದವರು ರಷ್ಯಾ ಸರ್ಕಾರದ ಜೊತೆ ಸೇರಿ ಸಂಚು ಮಾಡಿದರು ಅನ್ನುವುದು ತನಿಖೆಯಲ್ಲಿ ಸಾಬೀತಾಗಿಲ್ಲ ಅನ್ನೋ ಮ್ಯೂಲರ್ ಮಾತು ಅದರಲ್ಲಿತ್ತು. ಮಾತು ನಿಜವೇ. ಆದರೆ ಅದು ಅರ್ಧ ವಾಕ್ಯ. ವರದಿಯೇ ಹೊರಬಂದ ಮೇಲೆ ನೋಡಿದರೆ, ಟ್ರಂಪ್ ಗೆದ್ದರೆ ತನಗೆ ಲಾಭ ಅಂತ ರಷ್ಯಾ ಸರ್ಕಾರ ಎಣಿಸಿ ಅದಕ್ಕೆ ಕೆಲಸ ಮಾಡಿತು, ಕದ್ದ ಮಾಹಿತಿಯಿಂದ ತಮಗೆ ಲಾಭ ಅಂತ ಪ್ರಚಾರದವರೂ ಎಣಿಸಿದ್ದರು, ಇದಿಷ್ಟು ಸಾಬೀತಾಗಿದೆ, ಆದರೂ ಸಂಚು ಸಾಬೀತಾಗಿಲ್ಲ ಅಂತ ಇದೆ. ಬಾಲ ಮಾತ್ರ ತೋರಿಸಿ ತಲೆ ಮುಚ್ಚಿಟ್ಟರೆ ಹಸು ಯಾವುದು ಎಮ್ಮೆ ಯಾವುದು ಹೇಗೆ ಗೊತ್ತಾಗಬೇಕು? ಮ್ಯೂಲರ್ ಬೇಜಾರಾಗಿ ಬಾರ್‌ಗೆ ಪತ್ರವನ್ನೂ ಬರೆದರು. ಅಷ್ಟರಲ್ಲಿ ಟ್ರಂಪ್ ಪೂರ್ತಿ ದೋಷಮುಕ್ತ ಅಂತ ಡಂಗುರ ಸಾರಿ ಆಗಿತ್ತು. ನ್ಯಾಯಕ್ಕೆ ಅಡ್ಡಿ ಮಾಡಿದ ವಿಷಯದಲ್ಲಿ, ಅಪರಾಧ ಮಾಡಿದ್ದಾರೆ ಅಂತ ತೀರ್ಮಾನಿಸುತ್ತಿಲ್ಲ, ದೋಷಮುಕ್ತರನ್ನಾಗಿಯೂ ಮಾಡುತ್ತಿಲ್ಲ ಅಂತ ವರದಿಯಲ್ಲಿ ಇರುವುದು ಎರಡು 'ಇಲ್ಲ'. ನನ್ನ ಒಬ್ಬ ಗೆಳೆಯನಿಗೆ ಮೊದಲನೆಯದು ಮಾತ್ರ ಕೇಳಿಸಿದೆ, ಇನ್ನೊಬ್ಬನಿಗೆ ಎರಡನೆಯದು ಮಾತ್ರ.

ರಿಪಬ್ಲಿಕನ್ನರೇ ಬಹುಮತದಲ್ಲಿದ್ದ ಸೆನೆಟ್ ಗುಪ್ತಚರ ಸಮಿತಿ 2020ರಲ್ಲಿ ಕೊಟ್ಟ ವರದಿ ಇನ್ನೂ ದಪ್ಪ, ಹತ್ತಿರ ಹತ್ತಿರ ಸಾವಿರ ಪುಟ. ಟ್ರಂಪ್ ಪ್ರಚಾರದ ಮುಖ್ಯಸ್ಥ ಪಾಲ್ ಮನಾಫೋರ್ಟ್ ಒಳಗಿನ ಸಮೀಕ್ಷೆಯ ಅಂಕಿಅಂಶ ಕೊಟ್ಟದ್ದು ಕಿಲಿಮ್ನಿಕ್ ಅನ್ನುವವನಿಗೆ, ಅವನು ರಷ್ಯಾದ ಗುಪ್ತಚರ ಅಧಿಕಾರಿ ಅಂತ ಅದರಲ್ಲಿ ನೇರವಾಗಿ ಬರೆದಿದೆ. ಕಟ್ಟುಕಥೆ ಅನ್ನುವವರು ಆ ಪುಟಕ್ಕೆ ಏನು ಹೇಳುತ್ತಾರೋ ಕೇಳಬೇಕು.

ಮೂರನೆಯದಕ್ಕೆ ಬರುವಾಗ ನನಗೆ ಸ್ವಲ್ಪ ನಾಚಿಕೆ. ಯಾಕಂದ್ರೆ ನಾನು ವೋಟು ಹಾಕೋದು ಡೆಮಾಕ್ರಾಟ್‌ಗಳಿಗೆ, ಮತ್ತು 2017ರಲ್ಲಿ ಸ್ಟೀಲ್ ದಾಖಲೆ, ಅಂದರೆ ಟ್ರಂಪ್‌ಗೂ ರಷ್ಯಾಗೂ ಇರುವ ನಂಟು ಅಂತ ಬ್ರಿಟನ್ನಿನ ಮಾಜಿ ಗೂಢಚಾರ ಕ್ರಿಸ್ಟೋಫರ್ ಸ್ಟೀಲ್ ಬರೆದದ್ದು, ಹೊರಬಂದಾಗ ಅದನ್ನು ಇದೇ ಗೋಡೆಯ ಮೇಲೆ ಎಗರಿ ಎಗರಿ ಶೇರ್ ಮಾಡಿದವನು. ಹೋಟೆಲ್ ರೂಮು, ವಿಡಿಯೋ, ಅದೂ ಇದೂ. ಅದಕ್ಕೆ ದುಡ್ಡು ಕೊಟ್ಟದ್ದು ಹಿಲರಿ ಕಡೆಯವರು ಅಂತ ಆಮೇಲೆ ಗೊತ್ತಾಯಿತು. ಒಳಗಿದ್ದದ್ದು ಬಹಳಷ್ಟು ಯಾರೋ ಯಾರಿಗೋ ಹೇಳಿದ ಮಾತು. ಅದನ್ನೇ ಆಧಾರದಲ್ಲಿ ಸೇರಿಸಿಕೊಂಡು ಎಫ್‌ಬಿಐ ಕಾರ್ಟರ್ ಪೇಜ್ ಅನ್ನುವ ಟ್ರಂಪ್ ಸಲಹೆಗಾರನ ಮೇಲೆ ಗೂಢಚರ್ಯೆಗೆ ಕೋರ್ಟಿನ ಅನುಮತಿ ಪಡೆದಿತ್ತು. ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ 2019ರಲ್ಲಿ ಆ ಅರ್ಜಿಗಳಲ್ಲಿ 17 ದೊಡ್ಡ ತಪ್ಪು ಹುಡುಕಿದರು. ಅದರ ಜೊತೆಗೆ ಬಯಲಾದದ್ದು ಎಫ್‌ಬಿಐ ವಕೀಲ ಕೆವಿನ್ ಕ್ಲೈನ್‌ಸ್ಮಿತ್ ಮಾಡಿದ ಕೆಲಸ. ಈ ಕಾರ್ಟರ್ ಪೇಜ್‌ಗೂ ಅಮೆರಿಕದ್ದೇ ಗುಪ್ತಚರ ಸಂಸ್ಥೆ ಸಿಐಎಗೂ ಮೊದಲೇ ಸಂಪರ್ಕ ಇತ್ತು. ಅದರ ಬಗ್ಗೆ ಬಂದ ಮೇಲ್‌ನಲ್ಲಿ ಈತ ತಾನೇ ಒಂದು ಮಾತು ಸೇರಿಸಿದ: 'ಇವನು ಮಾಹಿತಿದಾರ ಅಲ್ಲ'. ಇಲ್ಲದ 'ಅಲ್ಲ'ವನ್ನು ಟೈಪ್ ಮಾಡಿ ಮುಂದೆ ಕಳಿಸಿದ. ತಪ್ಪೊಪ್ಪಿಕೊಂಡ, ಜೈಲಾಗಲಿಲ್ಲ, ಪ್ರೊಬೇಷನ್ ಆಯಿತು. ಪೇಜ್ ಮೇಲೆ ಯಾವ ಕೇಸೂ ಬೀಳಲಿಲ್ಲ. ಒಬ್ಬ ಪ್ರಜೆಯ ಫೋನು ಮೇಲ್ ಎಲ್ಲಾ ನೋಡಿದ್ದು ಹೀಗೆ. 'ಹೋಕ್ಸ್' (ಕಟ್ಟುಕಥೆ) ಅಂತ ಕೂಗುವವರ ಕೈಗೆ ಕೋಲು ಕೊಟ್ಟವರು ನಮ್ಮವರೇ, ಈ ಮಾತು ಹೇಳಿದರೆ ನಮ್ಮ ಗುಂಪಿನಲ್ಲಿ ಮುಖ ತಿರುಗಿಸುತ್ತಾರೆ. ತಿರುಗಿಸಲಿ.

ನಾಲ್ಕನೆಯದು ಎಲ್ಲರಿಗೂ ಗೊತ್ತು. 2018ರ ಜುಲೈ 16, ಹೆಲ್ಸಿಂಕಿ. 12 ಅಧಿಕಾರಿಗಳ ಆರೋಪಪಟ್ಟಿ ಬಂದು ಮೂರೇ ದಿನ. ಪುಟಿನ್ ಪಕ್ಕದಲ್ಲಿ ನಿಂತು ಟ್ರಂಪ್ ಹೇಳಿದ್ದು: ನಮ್ಮ ಗುಪ್ತಚರ ಮುಖ್ಯಸ್ಥರು ಬಂದು ರಷ್ಯಾ ಅನಿಸುತ್ತೆ ಅಂದರು, ಇಲ್ಲಿ ಪುಟಿನ್ ಇದ್ದಾರೆ, ಅವರು ರಷ್ಯಾ ಅಲ್ಲ ಅಂದರು, ಅದು ರಷ್ಯಾ ಆಗಿರಲು ನನಗೆ ಕಾರಣ ಕಾಣುತ್ತಿಲ್ಲ. ಅದೇ ವೇದಿಕೆಯಲ್ಲಿ, ಟ್ರಂಪ್ ಗೆಲ್ಲಲಿ ಅಂತ ಬಯಸಿದ್ದಿರಾ ಅಂತ ಕೇಳಿದ್ದಕ್ಕೆ ಪುಟಿನ್ 'ಹೌದು, ಬಯಸಿದ್ದೆ' ಅಂದ. ನೇರ ಮಾತು.

ಮರುದಿನ ವಾಷಿಂಗ್ಟನ್‌ನಲ್ಲಿ ಟ್ರಂಪ್ ಕಾಗದ ಹಿಡಿದು ಕೂತರು. 'ವುಡ್' (ಆಗಿರಲು) ಅಂದೆ, 'ವುಡಂಟ್' (ಆಗಿರದಿರಲು) ಅನ್ನಬೇಕಿತ್ತು, ಒಂಥರಾ ಎರಡು ಸಲ ಅಲ್ಲ ಅನ್ನೋದು ಅದು, ಅಂದರು. ಸರಿ, ನೀವೇ ಆ 'ಅಲ್ಲ' ಸೇರಿಸಿ ಹಿಂದಿನ ಮಾತಿನ ಜೊತೆ ಓದಿ ನೋಡಿ. ಕೂರಲ್ಲ. ಪುಟಿನ್ ಎಷ್ಟು ಗಟ್ಟಿಯಾಗಿ ನಿರಾಕರಿಸಿದರು ನೋಡಿ ಅಂತ ಅದೇ ಉಸಿರಲ್ಲಿ ಹೊಗಳಿದ ಮನುಷ್ಯ ಅದು. ಗುಪ್ತಚರ ಸಂಸ್ಥೆಗಳ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ ಅನ್ನುವ ಹೊತ್ತಿಗೆ ಸರಿಯಾಗಿ ಕೋಣೆಯ ದೀಪ ಆರಿತು. ಗುಪ್ತಚರರೇ ಆರಿಸಿರಬೇಕು ಅಂತ ಟ್ರಂಪ್ ನಕ್ಕರು. ಕೈಯಲ್ಲಿದ್ದ ಟೈಪ್ ಮಾಡಿದ ಹಾಳೆಯಲ್ಲಿ ಪೆನ್ನಿಂದ 'ಕೊಲ್ಯೂಷನ್ (ಒಳಸಂಚು) ಇಲ್ಲ' ಅಂತ ಅವರೇ ಬರೆದುಕೊಂಡಿದ್ದರು, ಅದರಲ್ಲಿ ಒಂದು ಎಲ್ ಬಿಟ್ಟುಹೋಗಿತ್ತು. ಫೋಟೋಗ್ರಾಫರ್ ಅದನ್ನೂ ಹಿಡಿದ.

ನನ್ನ ತಕರಾರು ಇಷ್ಟೇ. ಕತ್ತಲಲ್ಲಿ ಸಂಚು ನಡೆದಿತ್ತಾ ಅಂತ ಮೂರು ವರ್ಷ ಟಾರ್ಚ್ ಹಿಡಿದು ಹುಡುಕಿದೆವು. ಕ್ಯಾಮೆರಾ ಬೆಳಕಲ್ಲಿ, ಎಲ್ಲರ ಕಣ್ಣೆದುರು, ತನ್ನ ದೇಶದ ಅಧಿಕಾರಿಗಳ ಮಾತಿಗಿಂತ ಎದುರಾಳಿಯ ಮಾತಿಗೆ ಜಾಸ್ತಿ ಬೆಲೆ ಕೊಟ್ಟದ್ದಕ್ಕೆ ಯಾವ ತನಿಖೆಯೂ ಬೇಕಿರಲಿಲ್ಲ. ಅದು ಅಪರಾಧ ಅಲ್ಲ, ಕಾನೂನಲ್ಲಿ ಅದಕ್ಕೆ ಸೆಕ್ಷನ್ ಇಲ್ಲ. ಹಾಗಂತ ಅದು ಏನೂ ಅಲ್ಲವಾ? ಅಪರಾಧ ಸಾಬೀತಾಗದಿದ್ದರೆ ಎಲ್ಲಾ ಸರಿ ಅನ್ನೋ ಲೆಕ್ಕಕ್ಕೆ ನಾವು ಬಂದದ್ದು ಯಾವಾಗ?

ಕಟ್ಟುಕಥೆ ಅಂದ ಗೆಳೆಯ ಊಟ ಮುಗಿಸಿ ಕಾಫಿ ಹಿಡಿದು ನನ್ನ ಹತ್ತಿರ ಬಂದ. ಅವನ ಚಿಕ್ಕಪ್ಪನ ಮಗನದು ಬೆಂಗಳೂರಲ್ಲಿ ಗಾರ್ಮೆಂಟ್ಸ್ ಇದೆ, ಮಾಲು ಬರೋದು ಇಲ್ಲಿಗೆ. 2025ರ ಆಗಸ್ಟ್ 27ಕ್ಕೆ ರಷ್ಯಾ ಎಣ್ಣೆ ಕೊಳ್ಳುತ್ತೀರಿ ಅಂತ ಭಾರತದ ಮೇಲೆ ಇನ್ನೊಂದು 25 ಪರ್ಸೆಂಟ್ ಸುಂಕ ಬಿದ್ದು ಒಟ್ಟು 50 ಆಯಿತಲ್ಲ, ಆಗ ಅವರ ಆರ್ಡರ್‌ಗಳು ನಿಂತವಂತೆ. "ಎಣ್ಣೆ ಕೊಂಡವರಿಗೆ ದಂಡ, ಮಾರಿದವನಿಗೆ ಕೆಂಪು ಹಾಸು. ಇದು ಯಾವ ನ್ಯಾಯ ಗುರು?" ಅಂದ, ಮೆಲ್ಲಗೆ, ಇನ್ನೊಬ್ಬನಿಗೆ ಕೇಳಿಸದ ಹಾಗೆ.

ಕೆಂಪು ಹಾಸು ಅವನು ಸುಮ್ನೆ ಅಂದದ್ದಲ್ಲ. ಆ ಸುಂಕಕ್ಕೆ 12 ದಿನ ಮೊದಲು, ಆಗಸ್ಟ್ 15ಕ್ಕೆ, ಅಲಾಸ್ಕಾದ ಆಂಕರೇಜ್‌ನಲ್ಲಿ ಅದನ್ನು ಹಾಸಿ ಪುಟಿನ್‌ನನ್ನು ಇಳಿಸಿಕೊಂಡರು, ಟ್ರಂಪ್ ತಮ್ಮ ಕಾರಲ್ಲೇ ಕೂರಿಸಿಕೊಂಡು ಹೋದರು. ಮಾತುಕತೆ ಆದ ಮೇಲೆ ಇಬ್ಬರೂ ಮೈಕ್ ಮುಂದೆ ಬಂದರು. ಹಳೇ ರಷ್ಯಾ ಹೋಕ್ಸ್ ನಮಗೆ ಅಡ್ಡ ಬಂತು ಅಂತ ಟ್ರಂಪ್ ಪುಟಿನ್ ಪಕ್ಕದಲ್ಲೇ ನಿಂತು ಹೇಳಿದರು. ಮುಂದಿನ ಸಲ ಮಾಸ್ಕೋದಲ್ಲಿ ಅಂತ ಪುಟಿನ್ ಇಂಗ್ಲಿಷಲ್ಲೇ ಅಂದ. ಪತ್ರಕರ್ತರು ಕೈ ಎತ್ತಿ ಕೂಗುತ್ತಲೇ ಇದ್ದರು. ಈ ಸಲ ಒಂದು ಪ್ರಶ್ನೆಯನ್ನೂ ತೆಗೆದುಕೊಳ್ಳಲಿಲ್ಲ, ಹಾಗಾಗಿ ಮರುದಿನ ಯಾವ 'ಅಲ್ಲ'ವನ್ನೂ ಸೇರಿಸುವ ತೊಂದರೆ ಬರಲಿಲ್ಲ.