ವೈರಸ್ ಅಂದ್ರ ಹೆದರಬ್ಯಾಡ್ರಿ, ಆದ್ರ ಆ್ಯಂಟಿಬಯೋಟಿಕ್ ಟ್ಯೂಬಿನ ಚಟಾ ಬಿಡ್ರಿ

ಆಕಳ ಕೆಚ್ಚಲ ಬಾವು ರೋಗಕ್ಕ ಬ್ಯಾಕ್ಟೀರಿಯಾ ತಿನ್ನೋ ವೈರಸ್ ಬಿಡ್ತಾರಂತ ಒಂದು ಲೇಖನ ಬಂದೈತಿ, ಅದನ್ನ ಓದಿ ಕೆಳಗ ಕಾಮೆಂಟಿನಾಗ ಭಾಳ ಮಂದಿ "ಅಯ್ಯೋ ಹಾಲಿನಾಗ ವೈರಸ್ಸಾ" ಅಂದಾರ, ಅದು ದನಕ್ಕ, ಮನಷ್ಯಾಗ ಅಂಟೂದಲ್ರಿ, ತನಗ ಬೇಕಾದ ಬ್ಯಾಕ್ಟೀರಿಯಾದ ಒಳಗ ಹೊಕ್ಕು ತನ್ನ ಮರಿ ಮಾಡಿ ಅದನ್ನ ಒಡದು ಹೊರಗ ಬರ್ತೈತಿ, ಅಷ್ಟ. ಹೊಸಾದೂ ಅಲ್ಲ, 1917ರಾಗನ ಡಿ'ಹೆರೆಲ್ ಅನ್ನೋ ವಿಜ್ಞಾನಿ ಇದಕ್ಕ ಬ್ಯಾಕ್ಟೀರಿಯೋಫೇಜ್ (ಸಣ್ಣದಾಗಿ ಫೇಜ್) ಅಂತ ಹೆಸರಿಟ್ಟಿದ್ದ, ಜಾರ್ಜಿಯಾ ದೇಶದಾಗ ಇವತ್ತಿಗೂ ಮಂದಿಗೆ ಔಷಧಿ ಅಂತ ಕೊಡ್ತಾರ.

ನಮ್ದು ಗೋಕಾಕ ಕಡೆ, ಮನ್ಯಾಗ ಮೂರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿ ಆಕಳಾ ಅದಾವ. ಹೋದ ವರ್ಷ ಒಂದರ ಹಾಲು ಗಡ್ಡಿ ಗಡ್ಡಿ ಬರಾಕ ಹತ್ತಿತು, ಒಬ್ರು ಬಂದು ಹಾಲು ಟೆಸ್ಟಿಗೂ ಕಳಸದ ಒಂದಾದ ಮ್ಯಾಲೊಂದು ಆ್ಯಂಟಿಬಯೋಟಿಕ್ ಟ್ಯೂಬ್ ಮಲ್ಯಾಗ ಏರಿಸಿದ್ರು, ಕಡೀಕ ಒಂದ ಮಲಿ ಬತ್ತೇ ಹೋತು. ಔಷಧಿ ಏರಿಸಿದ ಹಾಲನ್ನ ದಿನಾ ಚೆಲ್ಲೂದು, ನೋಡಾಕ ಆಗೂದಿಲ್ರಿ.

ಆದ್ರ ಒಂದ ಮಾತು, ಫೇಜ್ ಅಂದ್ರ ಎಲ್ಲಾ ಕೀಲಿಗೂ ಹತ್ತೂ ಕೀಲಿಕೈ ಅಲ್ಲ. ಸ್ಟೆಫೈಲೊಕಾಕಸ್ (ಸ್ಟೆಫ್) ಅನ್ನೋ ಬ್ಯಾಕ್ಟೀರಿಯಾ ತಿನ್ನೋ ಫೇಜ್ ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾ ಮುಟ್ಟೂದಿಲ್ಲ, ಅಂದ್ಮ್ಯಾಲ ಯಾವ ರೋಗಾಣು ಅಂತ ಮೊದ್ಲ ಟೆಸ್ಟ್ ಆಗಾಕs ಬೇಕು. ಮ್ಯಾಲ ಹಸಿ ಹಾಲಿನಾಗಿನ ಪ್ರೋಟೀನು ಸ್ಟೆಫ್ ಬ್ಯಾಕ್ಟೀರಿಯಾಕ್ಕ ಮೆತಗೊಂಡು ಫೇಜ್‌ಗೆ ಹತ್ತಾಕ ಜಾಗಾನ ಕೊಡೂದಿಲ್ಲ, ಲ್ಯಾಬಿನಾಗ ಗೆದ್ದದ್ದು ಕೆಚ್ಚಲದಾಗ ಸೋಲೂದು ಇದಕ್ಕೂ ಇರಬೇಕು. ಲೇಖನದಾಗ ಇದನ್ನ ಬರದs ಇಲ್ಲ ನೋಡ್ರಿ.

ಈ ಫೇಜ್ ಔಷಧಿ ನಮ್ಮ ಕಡೆ ಬರೂತನಕ ನಮ್ಮವ್ವ ಹಿಂಡಿದ ಮ್ಯಾಲ ಮಲಿ ಅಯೋಡಿನ್ ನೀರಾಗ ಅದ್ದತಾಳ, ಮಲಿ ತೂತು ಮುಚ್ಚೂತನಕ ಆಕಳಾ ಮಕ್ಕೊಳ್ಳಬಾರ್ದಂತ ಮುಂದ ಮೇವು ಹಾಕ್ತಾಳ.