ಜುಟ್ಟಿಗೆ ಯುದ್ಧನೌಕೆ

1672ರ ಜೂನ್‌ನಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಯ ಸೈನ್ಯ ರೈನ್ ನದಿ ದಾಟಿತು. ಕುದುರೆಗಳು ಈಜಿದವು, ಸವಾರರು ನೆನೆದರು, ಕೆಲವರು ಮುಳುಗಿದರು. ಮಹಾಪ್ರಭುಗಳು ಮಾತ್ರ ದಡದಲ್ಲೇ ಇದ್ದರು. ಹೆದರಿಕೆಯಿಂದಲ್ಲ, ತಮ್ಮ ಹಿರಿಮೆಯೇ ದಡಕ್ಕೆ ಕಟ್ಟಿಹಾಕಿತೆಂದು ಗೊಣಗುತ್ತಾ ನಿಂತಿದ್ದರಂತೆ. ಹಾಗಂತ ಕವಿ ಬುವಾಲೋ ಪದ್ಯ ಹೊಸೆದ. ವರ್ಸೇಲ್ಸ್ ಅರಮನೆಯ ಚಾವಣಿಯಲ್ಲಿ ಚಿತ್ರಕಾರ ಲೆ ಬ್ರನ್ ಇನ್ನೂ ಧಾರಾಳಿ. ದಡದಲ್ಲಿದ್ದವರನ್ನು ರಥದ ಮೇಲೆ ಕೂರಿಸಿ, ಕೈಗೆ ಸಿಡಿಲು ಕೊಟ್ಟ. ಗ್ರೀಕ್ ಪುರಾಣದ ಮಹಾಬಲಶಾಲಿ ಹರ್ಕ್ಯುಲಿಸ್ ಪಾಪ, ಹಿಂದಿನಿಂದ ರಥ ತಳ್ಳಬೇಕು. ಮುಂದೆ ಆ ಚಾವಣಿಯೂ ಅಚ್ಚಾಗಿ ಪುಸ್ತಕವಾಯಿತು.

ಅರಮನೆಯದು ಹೀಗಾದರೆ ಪ್ಯಾರಿಸಿನ ಸೇಂಟ್ ಜಾಕ್ ಬೀದಿಯದು ಇನ್ನೊಂದು. ಅಲ್ಲಿ ಬೊನಾರ್ ಮನೆತನದವರು ತಾಮ್ರದ ತಗಡಿನಲ್ಲಿ ಕೊರೆದ ಫ್ಯಾಷನ್ ಚಿತ್ರ ಮಾರುತ್ತಿದ್ದರು. ಆ ಚಿತ್ರಗಳಲ್ಲಿ ವಸಂತ ಋತು ಅಂದರೂ ಒಬ್ಬ ಹೆಂಗಸು, ಬೆಂಕಿ ಅಂದರೂ ಒಬ್ಬ ಹೆಂಗಸು. ಯಾವುದು ಯಾವುದೆಂದು ತಿಳಿಯಲು ಅಡಿಬರಹ ಓದಬೇಕು. ಲಂಗದ ನೆರಿಗೆ ಮಾತ್ರ ಎಲ್ಲರದೂ ಚೆಂದ.

ಯುದ್ಧಕ್ಕೂ ಈ ಬೀದಿಯಲ್ಲಿ ಅದೇ ಗತಿ. 1692ರ ಆಗಸ್ಟ್‌ನಲ್ಲಿ ಸ್ಟೀನ್‌ಕರ್ಕ್ ಎಂಬಲ್ಲಿ ಶತ್ರುಗಳು ಬೆಳ್ಳಂಬೆಳಗ್ಗೆ ಮೇಲೆ ಬಿದ್ದರು. ಫ್ರೆಂಚ್ ಅಧಿಕಾರಿಗಳಿಗೆ ಕೊರಳಪಟ್ಟಿ ನೀಟಾಗಿ ಕಟ್ಟಲು ಪುರುಸೊತ್ತಿಲ್ಲದೆ, ತಿರುಚಿ ಅಂಗಿಯ ಗುಂಡಿತೂತಿಗೆ ಸಿಕ್ಕಿಸಿಕೊಂಡು ಓಡಿದರು ಅಂತ ಕತೆ. ಎರಡೂ ಕಡೆ ಸಾವಿರಾರು ಜನ ಸತ್ತರು, ಗಾಯಗೊಂಡರು. ಪ್ಯಾರಿಸಿಗೆ ಮುಟ್ಟಿದ್ದು ಕೊರಳಪಟ್ಟಿಯ ಸುದ್ದಿ! ಗಂಡಸರು, ಹೆಂಗಸರು ಎಲ್ಲರೂ 'ಸ್ಟೀನ್‌ಕರ್ಕ್' ತೊಟ್ಟರು. ಅವಸರದಲ್ಲಿ ಕಟ್ಟಿದ ಹಾಗೆ ಕಾಣಬೇಕಲ್ಲ, ಅದಕ್ಕೆ ಕನ್ನಡಿ ಮುಂದೆ ಎಷ್ಟು ಹೊತ್ತು ಬೇಕಾಯಿತೋ!

ನಮ್ಮಲ್ಲಿ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರೆ. ಮಲ್ಲಿಗೆ ಸಾಲದು ಅಂದವರು ಹದಿನಾರನೇ ಲೂಯಿಯ ಕಾಲದವರು. 1778ರಲ್ಲಿ 'ಬೆಲ್ ಪೂಲ್' ಎಂಬ ಫ್ರೆಂಚ್ ನೌಕೆ ಇಂಗ್ಲಿಷ್ ನೌಕೆಯೊಂದರ ಜೊತೆ ಗುದ್ದಾಡಿತು. ಗೆದ್ದದ್ದು ನಾವೇ ಅಂತ ಎರಡೂ ಕಡೆಯವರು ಹೇಳಿಕೊಂಡರು. ಆಮೇಲೆ ಬಂದ ಫ್ಯಾಷನ್ ಚಿತ್ರಗಳಲ್ಲಿ ನೋಡಿ: ಗೋಪುರದಂಥ ಕೂದಲು, ಅದರ ಅಲೆಗಳ ಮೇಲೆ ಪಟ, ಹಗ್ಗ, ಕಂಬ ಸಮೇತ ಒಂದು ಹಡಗು. ಕೆಳಗೆ ಹೆಂಗಸಿನ ಮುಖ ಶಾಂತ. ಸತ್ತ ನಾವಿಕರಿಗೆ ಆ ಜಡೆಯಲ್ಲಿ ಜಾಗ ಇರಲಿಲ್ಲ ಬಿಡಿ.

ಇಂಥ ಆಸ್ಥಾನಕ್ಕೆ 1788ರಲ್ಲಿ ನಮ್ಮ ಟಿಪ್ಪುವಿನ ರಾಯಭಾರಿಗಳು ಬಂದರು. ಪ್ಯಾರಿಸ್ ಅವರ ಪೇಟ, ನಿಲುವಂಗಿಗಳನ್ನು ಕಣ್ತುಂಬಾ ನೋಡಿತು. ಚಿತ್ರಕಾರರು ಕುಂಚ ಹಿಡಿದು ಓಡಿಬಂದರು. ರಾಯಭಾರಿಗಳು ಕೇಳಿದ್ದು ಇಂಗ್ಲಿಷರ ವಿರುದ್ಧ ಸೈನ್ಯ. ಕೈಗೆ ಬಂದದ್ದು ಸೆವ್ರ್ ಕಾರ್ಖಾನೆಯ ಪಿಂಗಾಣಿ.