ಚೆನ್ನೈಯಲ್ಲಿ ಬೆಳೆಯುವ ಕೊಡಗಿನ ಕಿತ್ತಳೆ

ಕೊಡಗಿನ ಕಿತ್ತಳೆ ಈಗ ಎಲ್ಲಿ ಚೆನ್ನಾಗಿದೆ ಎಂದು ಯಾರಾದರೂ ಕೇಳಿದರೆ ಚೆನ್ನೈಯಲ್ಲಿ ಎನ್ನುವುದೇ ಸರಿಯಾದ ಉತ್ತರ. ಅಲ್ಲಿನ ಭೌಗೋಳಿಕ ಸೂಚಕಗಳ (ಜಿಐ, ಅಂದರೆ ಒಂದು ಊರಿನ ಸರಕಿಗಷ್ಟೇ ಸಲ್ಲುವ ಹೆಸರು) ನೋಂದಣಿ ಕಚೇರಿಯ ಕಡತದೊಳಗೆ 2006ರಿಂದ ಅದು ಸೊಂಪಾಗಿದೆ. ಕಡತಕ್ಕೆ ಎಲೆ ಹಳದಿಯಾಗಿಸುವ ಗ್ರೀನಿಂಗ್ ರೋಗ ತಗಲುವುದಿಲ್ಲ, ಕಾಡಾನೆ ನುಗ್ಗುವುದಿಲ್ಲ, ಆಳುಗಳ ಸಮಸ್ಯೆಯೂ ಇಲ್ಲ. ಹತ್ತು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ನವೀಕರಿಸಿದರೆ ಒಂದೆಲೆಯೂ ಹಳದಿಯಾಗದೆ ಮತ್ತೆ ಹತ್ತು ವರ್ಷ ನಿಲ್ಲುತ್ತದೆ.

ತೋಟದಲ್ಲಿ ಮಾತ್ರ ಮರಕ್ಕೆ ಅಷ್ಟು ಆಯಸ್ಸಿರಲಿಲ್ಲ. ಒಂದು ಕಾಲಕ್ಕೆ ಕಾಫಿ ಗಿಡಗಳ ನಡುವೆ ಕಿತ್ತಳೆ ಇಲ್ಲದ ತೋಟ ಹುಡುಕಬೇಕಿತ್ತು. ಆಮೇಲೆ ಗ್ರೀನಿಂಗ್ ಬಂತು, ಟ್ರಿಸ್ಟೆಜಾ ಎಂಬ ವೈರಸ್ಸೂ ಬಂತು. ಕಣ್ಣಿಗೆ ಕಾಣಿಸಿಯೂ ಕಾಣದಷ್ಟು ಸಣ್ಣ ಹುಳಗಳು ಮರದಿಂದ ಮರಕ್ಕೆ ರೋಗ ಹೊತ್ತವು. ಚೆಟ್ಟಳ್ಳಿಯ ಪ್ರಯೋಗ ಕೇಂದ್ರದ ವಿಜ್ಞಾನಿಗಳು ರೋಗಮುಕ್ತ ಸಸಿಗಾಗಿ ತಲೆ ಕೆಡಿಸಿಕೊಂಡರು. ಬೆಳೆಗಾರ ಮಾತ್ರ ಒಣಗಿದ ಮರ ಕಡಿಸಿ ಕರಿಮೆಣಸು, ರೋಬಸ್ಟಾ ಅಂತ ಬೇರೆ ದಾರಿ ನೋಡಿಕೊಂಡ. ಇಷ್ಟೆಲ್ಲ ಮುಗಿಯುತ್ತ ಬಂದ ಹೊತ್ತಿಗೆ ಸರ್ಕಾರಕ್ಕೆ ಜ್ಞಾನೋದಯವಾಗಿ, ಇನ್ನು ಮುಂದೆ ಬೇರೆ ಊರಿನವರು ಈ ಹೆಸರು ಬಳಸಕೂಡದು ಎಂದು ಸರ್ಟಿಫಿಕೇಟ್ ತಂದಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಇಲ್ಲಿ ಬಾಗಿಲಿಗೆ ಚೌಕಟ್ಟು ಕಟ್ಟಿಸಿ ಗೋಡೆಗೂ ತೂಗುಹಾಕಿದರು.

ಹಾಗಾದರೆ ಕುಶಾಲನಗರದಿಂದ ಮಡಿಕೇರಿಯವರೆಗೆ ರಸ್ತೆ ಬದಿಯಲ್ಲಿ ರಾಶಿ ಹಾಕಿರುವುದು ಏನು? ಅದು ಕಿತ್ತಳೆಯೇ. ನಾಗಪುರದಿಂದ ಲಾರಿ ಹತ್ತಿ, ಕಾವೇರಿ ಸೇತುವೆ ದಾಟಿದ ಮೇಲೆ ಕೊಡಗಿನ ಮಗುವಾದದ್ದು. ಒಂದು ಅಂಗಡಿಯ ಮುಂದೆ ಕಿವಿಗೆ ಬಿದ್ದ ಮಾತು ಕೇಳಿ. ಅಂಗಡಿಯವನು ಯಾವುದೋ ತೋಟದಿಂದ ಬಂದ ನಿಜವಾದ ನಾಟಿ ಹಣ್ಣನ್ನೂ ಒಂದು ಬುಟ್ಟಿಯಲ್ಲಿ ಇಟ್ಟಿದ್ದ. ಕೊಡಗಿನ ಕಿತ್ತಳೆಯ ಲಕ್ಷಣವೇ ಹಸಿರು ಮಿಶ್ರಿತ ಹಳದಿ, ಬಿಗಿ ಸಿಪ್ಪೆ, ಹುಳಿಸಿಹಿ. ಬೆಂಗಳೂರಿನಿಂದ ಬಂದ ಹೆಂಗಸು ಅದನ್ನು ಕೈಗೆತ್ತಿಕೊಂಡು, "ಇದೇನ್ರೀ, ಇನ್ನೂ ಕಾಯಿ?" ಎಂದರು. ಅವನು ಒಂದು ಕ್ಷಣವೂ ತಡಮಾಡಲಿಲ್ಲ. "ಅದು ಲೋಕಲ್ ಮೇಡಂ. ಒರಿಜಿನಲ್ ಕೂರ್ಗ್ ಬೇಕಂದ್ರೆ ಈ ಕಡೆ ಬನ್ನಿ."

ಈ ಕಡೆ ಇದ್ದದ್ದು ನಾಗಪುರದ್ದು. ಕೆಂಪಗೆ, ದುಂಡಗೆ, ಫೋಟೊಗೆ ಹೇಳಿ ಮಾಡಿಸಿದ ಹಾಗೆ. ಮಜಾ ಏನೆಂದರೆ ನಾಗಪುರದ ಕಿತ್ತಳೆಗೂ 2014ರಿಂದ ಅದೇ ಚೆನ್ನೈ ಕಚೇರಿಯ ಜಿಐ ಟ್ಯಾಗ್ ಇದೆ. ಅಂದರೆ ತನ್ನದೇ ಹೆಸರಿಗೆ ಕಾನೂನಿನ ರಕ್ಷಣೆ ಇರುವ ಹಣ್ಣು, ಆ ಹೆಸರನ್ನು ಮುಚ್ಚಿಟ್ಟುಕೊಂಡು, ಕಾನೂನಿನ ರಕ್ಷಣೆ ಇರುವ ಇನ್ನೊಂದು ಹಣ್ಣಿನ ಹೆಸರಿನಲ್ಲಿ ಮಾರಾಟವಾಗುತ್ತಿದೆ. 1999ರ ಜಿಐ ಕಾಯ್ದೆಯ ಪ್ರಕಾರ ಇಂಥ ಸುಳ್ಳು ಹೆಸರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ. ಅದನ್ನು ಅಕ್ಷರಶಃ ಜಾರಿ ಮಾಡಿದರೆ ಹೆದ್ದಾರಿಯ ಅರ್ಧ ಜನ ಒಳಗಿರುತ್ತಾರೆ. ಅವರನ್ನು ನೋಡಲು ಬರುವವರಿಗೆ ಹಣ್ಣು ತರಲು ಅಂಗಡಿಯೂ ಇರುವುದಿಲ್ಲ.

ದೇಶದೊಳಗೇ ಹೀಗಾದರೆ ಜಿನೀವಾದಲ್ಲಿ ಏನು ಎಂದು ನೋಡಬೇಡವೆ? ಅಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಎಂಬ ಬೌದ್ಧಿಕ ಆಸ್ತಿ ಒಪ್ಪಂದದಲ್ಲಿ ಇದಕ್ಕೆ ಎರಡು ಪಂಕ್ತಿಯ ಊಟ. 22ನೇ ವಿಧಿ ಎಲ್ಲ ಸರಕುಗಳಿಗೂ ಅನ್ವಯ: ಜನ ಮೋಸಹೋಗುವಂತಿದ್ದರೆ ಮಾತ್ರ ಆ ಹೆಸರು ಬಳಸಬಾರದು. (ನಮ್ಮ ಹೆದ್ದಾರಿಯಲ್ಲಿ ಜನ ತಾವಾಗಿಯೇ ಕಾರು ನಿಲ್ಲಿಸಿ, ಚೀಲ ಹಿಡಿದುಕೊಂಡು ಮೋಸಹೋಗಲು ಇಳಿಯುತ್ತಾರೆ.) 23ನೇ ವಿಧಿ ವೈನಿಗೆ ಮತ್ತು ಮದ್ಯಕ್ಕೆ ಮಾತ್ರ: ಯಾರೂ ಮೋಸಹೋಗದಿದ್ದರೂ ಬಳಸುವಂತಿಲ್ಲ, 'ಆ ಶೈಲಿಯದು', 'ಆ ಬಗೆಯದು' ಎಂದು ಬರೆದುಕೊಂಡರೂ ಬಿಡುವುದಿಲ್ಲ. ಈ ಭೇದ ಬೇಡ, ನಮ್ಮ ಚಹಾ ಅಕ್ಕಿಗಳಿಗೂ ಅದೇ ಮರ್ಯಾದೆ ಕೊಡಿ ಎಂದು ಭಾರತ ಮತ್ತಿತರ ದೇಶಗಳು ಕೇಳುತ್ತಲೇ ಇವೆ. 2001ರಲ್ಲಿ ದೋಹಾದಲ್ಲಿ ವಿಷಯ ಮೇಜಿಗೆ ಬಂತು. ಮೇಜು ಗಟ್ಟಿಯಾಗಿದೆ, ವಿಷಯ ಇನ್ನೂ ಅದರ ಮೇಲೇ ಇದೆ.

ಒಟ್ಟಿನಲ್ಲಿ ಹಣ್ಣು ಹಣ್ಣಾಗಿದ್ದರೆ ಸಾಧಾರಣ ರಕ್ಷಣೆ, ಹುಳಿಹಿಡಿದು ನೊರೆ ಬಂದರೆ ವಿಶೇಷ ರಕ್ಷಣೆ. ಇದನ್ನು ಕೊಡಗಿನವರಿಗೆ ಯಾರೂ ಬಿಡಿಸಿ ಹೇಳಲಿಲ್ಲ. ನೆಲ್ಲಿಕಾಯಿ, ಶುಂಠಿ, ಗುಲಾಬಿ ಎಸಳು, ವೀಳ್ಯದೆಲೆ ಯಾವುದನ್ನೂ ಬಿಡದೆ ಭರಣಿಗೆ ಹಾಕಿ 'ಹೋಮ್‌ಮೇಡ್ ವೈನ್' ಎಂದು ಮಾರುವ ಜಿಲ್ಲೆ ಇದು. ಉಳಿದ ಕಿತ್ತಳೆಯನ್ನೂ ಭರಣಿಗಿಳಿಸಿ ಜಿನೀವಾಕ್ಕೆ ಒಂದು ಬಾಟಲಿ ಕಳಿಸಿದ್ದರೆ ಅಂದಿನ ಸಭೆಯಾದರೂ ಬೇಗ ಮುಗಿಯುತ್ತಿತ್ತು.

ಯೂರೋಪಿನವರು ಹೆಸರಿನ ವಿಷಯದಲ್ಲಿ ಎಷ್ಟು ಬಿಗಿ ಎಂದರೆ, ಫ್ರಾನ್ಸಿನ ಶಾಂಪೇನ್ ವೈನಿನ ಹೆಸರಿನದೇ ಒಂದು ಹಳ್ಳಿ ಸ್ವಿಟ್ಜರ್ಲೆಂಡಿನಲ್ಲಿ ಇದೆ. ಅಜ್ಜನ ಕಾಲದಿಂದ ಅವರೂ ದ್ರಾಕ್ಷಿ ಬೆಳೆದು ವೈನ್ ಮಾಡಿ ಊರ ಹೆಸರು ಅಂಟಿಸುತ್ತಿದ್ದರು. ಸ್ವಿಸ್ ಸರ್ಕಾರ ಮತ್ತು ಯೂರೋಪಿಯನ್ ಒಕ್ಕೂಟ 1999ರಲ್ಲಿ ಮಾಡಿಕೊಂಡ ಒಪ್ಪಂದದಿಂದ 2004ರಲ್ಲಿ ಅದೂ ನಿಂತುಹೋಯಿತು. ಅಲ್ಲಿ ಶಾಂಪೇನಿನವನೇ ಶಾಂಪೇನ್ ಎನ್ನುವಂತಿಲ್ಲ. ಇಲ್ಲಿ ಯಾರು ಬೇಕಾದರೂ ಕೂರ್ಗ್ ಎನ್ನಬಹುದು, ಕೊಡಗಿನ ಬೆಳೆಗಾರನೊಬ್ಬ ಮಾತ್ರ 'ಅಧಿಕೃತ ಬಳಕೆದಾರ' ಎಂದು ಅರ್ಜಿ ತುಂಬಬೇಕು.

ಕಾಫಿಯ ಕಥೆಯನ್ನು ಬೇಗ ಹೇಳಿಬಿಡುತ್ತೇನೆ, ರಕ್ತದೊತ್ತಡ ಇರುವವರು ಓದುತ್ತಿರಬಹುದು. 2019ರಲ್ಲಿ ಐದು ಕಾಫಿಗಳಿಗೆ ಒಟ್ಟಿಗೆ ಜಿಐ ಬಂತು. ಕೊಡಗಿಗೆ ಸಿಕ್ಕಿದ್ದು ಅರೇಬಿಕಾಕ್ಕೆ. ಕೊಡಗು ಹೆಚ್ಚಾಗಿ ಬೆಳೆಯುವುದು ರೋಬಸ್ಟಾ. ರೋಬಸ್ಟಾಕ್ಕೆ ಸಿಕ್ಕಿದ ಜಿಐ ವಯನಾಡಿಗೆ ಹೋಯಿತು. ಹಾಗಾಗಿ ಕುಟ್ಟದ ಗಡಿಯಲ್ಲಿ ಅಕ್ಕಪಕ್ಕದ ಎರಡು ಗಿಡಗಳಿದ್ದರೆ, ಆಚೆಯದಕ್ಕೆ ವಂಶಾವಳಿ ಇದೆ, ಈಚೆಯದು ಬರೀ ಕಾಫಿ. ಮಳೆ, ಮಣ್ಣು, ಆನೆ ಮೂರೂ ಎರಡೂ ಕಡೆ ಒಂದೇ, ಆನೆಗೆ ಇನ್ನೂ ಈ ವ್ಯತ್ಯಾಸ ಗೊತ್ತಾಗಿಲ್ಲ.

ಹಣ್ಣು, ಬೀಜ, ಎಲೆ ಹೋಗಲಿ. ಊರಿನ ಹೆಸರನ್ನೇ ರೆಸಾರ್ಟಿಗೆ, ಸ್ಪಾಗೆ, ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಇಟ್ಟರೆ? ಅದಕ್ಕೂ ಉತ್ತರ ಸಿಕ್ಕಿದೆ. ಕೋಲ್ಕತ್ತದ ಹೋಟೆಲೊಂದು ತನ್ನ ಕೋಣೆಗೆ 'ಡಾರ್ಜಿಲಿಂಗ್ ಲೌಂಜ್' ಎಂದು ಹೆಸರಿಟ್ಟಾಗ ಚಹಾ ಮಂಡಳಿ ಕೋರ್ಟಿಗೆ ಹೋಯಿತು. 2019ರಲ್ಲಿ ಕಲ್ಕತ್ತಾ ಹೈಕೋರ್ಟ್ ಆ ದಾವೆಯನ್ನು ಒಪ್ಪಲಿಲ್ಲ: ಟ್ಯಾಗ್ ಇರುವುದು ಚಹಾಕ್ಕೆ, ಹೋಟೆಲ್ ಕೊಡುತ್ತಿರುವುದು ಸೇವೆ. ನಮ್ಮಲ್ಲಿ ಈಗ ಗುಡ್ಡ ಕಡಿದು ಕಾಟೇಜ್ ಕಟ್ಟುವುದೂ ಸೇವೆಯ ಲೆಕ್ಕಕ್ಕೇ ಬರುತ್ತದೆ.

ಆದ್ದರಿಂದ ಕೊಡಗಿನ ಪರವಾಗಿ ಹೊಸ ಅರ್ಜಿಯೊಂದನ್ನು ತಯಾರಿಸಿದ್ದೇನೆ. ಸರಕಿನ ಹೆಸರು: ಮಡಿಕೇರಿಯ ವಾರಾಂತ್ಯದ ಟ್ರಾಫಿಕ್ ಜಾಮ್. ಗುಣಲಕ್ಷಣ: ರಾಜಾಸೀಟಿನ ಕೆಳಗೆ ಒಂದು ಬಾರಿ ಹಾರ್ನ್ ಒತ್ತಿದರೆ ಮಂಜಿನಲ್ಲಿ ಮೂರು ಬಾರಿ ಕೇಳಿಸುತ್ತದೆ. ಭೌಗೋಳಿಕ ಕಾರಣ: ಕಡಿದಾದ ಇಳಿಜಾರು, ಒಂದೂವರೆ ಕಾರಿನ ಅಗಲದ ರಸ್ತೆ. ಮಾನವ ಕೌಶಲ: ಎದುರಿನ ಬಸ್ಸಿಗೆ ದಾರಿ ಬಿಡದೆ ಗಾಜಿಳಿಸಿ ದಾರಿ ಕೇಳುವುದು. ಕಚ್ಚಾವಸ್ತು ಬೆಂಗಳೂರು, ಮೈಸೂರುಗಳಿಂದ ಬರುತ್ತದೆ ಎಂದು ಅಧಿಕಾರಿಗಳು ತಕರಾರು ತೆಗೆಯಬಹುದು. ಅದಕ್ಕೂ ಕಾಯ್ದೆಯಲ್ಲೇ ಸಮಾಧಾನವಿದೆ: ತಯಾರಿಸಿದ ಸರಕಾದರೆ ಉತ್ಪಾದನೆ, ಸಂಸ್ಕರಣೆ, ಸಿದ್ಧತೆಗಳಲ್ಲಿ ಯಾವುದಾದರೂ ಒಂದು ಆ ಪ್ರದೇಶದಲ್ಲಿ ನಡೆದರೆ ಸಾಕು. ಇಲ್ಲಿ ಮೂರೂ ನಡೆಯುತ್ತವೆ.

ಅರ್ಜಿ ಜಿಐ ಕಚೇರಿಯ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಆಕ್ಷೇಪಣೆಗೆ ಮೂರು ತಿಂಗಳ ಅವಕಾಶ. ಊಟಿಯವರು ಸುಮ್ಮನಿರಲಿಕ್ಕಿಲ್ಲ.